ಗ್ರಾಮಸೀಮೆಯ ರೇಖೆ

ಕನ್ನಡ ನಾಡಿನ ಎಲ್ಲೆಯನ್ನು ಹೇಳುವ ಗ್ರಂಥಗಳಲ್ಲಿ ಈವರೆಗೆ ದೊರೆತಿರುವ ಅತಿ ಪ್ರಾಚೀನವಾದುದು ‘ಕವಿರಾಜಮಾರ್ಗ’. ಕ್ರಿ. ಶ. 850ರ ಸುಮಾರಿಗೆ, ನೃಪತುಂಗನ ರಾಜಧಾನಿಯಾದ ಮಾನ್ಯಖೇಟದಲ್ಲಿ ಹುಟ್ಟಿದ ಆ ಗ್ರಂಥದಲ್ಲಿ ನಾಡಿನ ಮೇರೆಯು ಕಾವೇರಿ, ಗೋದಾವರಿ ಎಂಬ ಎರಡು ನದಿಗಳಿಂದ ತೀರಿಹೋಗಿದೆ. ಕವಿಗೆ ಅಷ್ಟು ಸಾಕು. ಆದರೆ ಅದೇ ನಾಡಿನೊಳಗಣ ಒಂದು ಸಣ್ಣ ಊರಿನ ಎಲ್ಲೆಯನ್ನು ಹೇಳಬೇಕಾಗಿ ಬಂದಾಗ ಎರಡು ನದಿಗಳ ಹೆಸರಿನಿಂದ ಕೆಲಸ ನಡೆಯದು. ಯಾವ ಹುಣಿಸೆಯ ಮರ, ಯಾವ ಹುತ್ತ, ಯಾವ ಹಳ್ಳದ ತಿರುವು ಎಂದು ಒಂದೊಂದಾಗಿ ಎಣಿಸಬೇಕು. ದಾನಶಾಸನಗಳನ್ನು ಬರೆಯಿಸಿದವರು ಇದನ್ನು ಚೆನ್ನಾಗಿ ಅರಿತಿದ್ದರು. ದಾತೃವಿನ ವಂಶಾವಳಿಯೂ ಪ್ರಶಸ್ತಿಯೂ ಸಂಸ್ಕೃತದ ಶ್ಲೋಕಗಳಲ್ಲಿ ಉಬ್ಬರವಾಗಿ ಸಾಗಿ ಬಂದು, ದತ್ತಿಯ ಚತುಸ್ಸೀಮೆಯನ್ನು ಹೇಳುವ ಎಡೆಗೆ ಬಂದೊಡನೆ ಎಷ್ಟೋ ತಾಮ್ರಪಟಗಳಲ್ಲಿ ಭಾಷೆಯು ಕನ್ನಡಕ್ಕೆ ತಿರುಗುವುದನ್ನು ವಾಚಕರು ಗಮನಿಸಿರಬಹುದು. ಕಾರಣವು ಸ್ಪಷ್ಟವೇ ಇದೆ. ರಾಜನ ಕೀರ್ತಿಯು ಊರವರಿಗೆ ತಿಳಿಯದಿದ್ದರೆ ಹಾನಿಯಿಲ್ಲ. ಎಲ್ಲೆಯು ತಿಳಿಯದಿದ್ದರೆ ಜಗಳವು ತಪ್ಪದು.

ಈ ಹಳೆಯ ಪ್ರಸಂಗವನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಹೊಸ ಕಾರಣವೊಂದುಂಟು. 2020ನೆಯ ಇಸವಿಯಿಂದೀಚೆಗೆ ಹಳ್ಳಿಗಳ ಮೇಲೆ ಡ್ರೋನು ಎಂಬ ಚಾಲಕನಿಲ್ಲದ ಪುಟ್ಟ ವಿಮಾನವು ಹಾರಿ, ಮನೆ ಮನೆಯ ಚಿತ್ರವನ್ನು ತೆಗೆದು, ಆ ಚಿತ್ರಗಳಿಂದ ನಕ್ಷೆಯು ಸಿದ್ಧವಾಗುತ್ತಿದೆ. ಯಂತ್ರವು ಹಾರಿ ಬಂದರೆ ಎಲ್ಲೆಯು ತಾನಾಗಿಯೇ ಕಂಡುಬರುವುದೆಂಬ ಭಾವನೆಯು ಹಲವರಲ್ಲಿದೆ. ವಾಸ್ತವವು ಇದಕ್ಕೆ ವಿಪರೀತ. ಡ್ರೋನು ನೆಲವನ್ನು ಬಿಡುವ ಮೊದಲೇ ಅದಕ್ಕೆ ಒಂದು ಎಲ್ಲೆಯನ್ನು ಬರೆದು ಕೊಡಬೇಕು. ಆ ಎಲ್ಲೆಯ ಕಡತದಲ್ಲಿ ಯಾವುದು ಒಳಗಿರುವುದೋ ಅದನ್ನಷ್ಟೇ ಅದು ನೋಡುತ್ತದೆ. ಹೊರಗಿರುವುದು ಅದರ ಪಾಲಿಗೆ ಇಲ್ಲವೇ ಇಲ್ಲ. ಹೀಗಿರಲು ಆ ರೇಖೆಯು ಎಲ್ಲಿಂದ ಬಂತೆಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ಶಾಸನಕಾಲದ ಎಲ್ಲೆಯು ನಡೆದು ನೋಡುವ ಎಲ್ಲೆಯಾಗಿತ್ತು. ಮೂಡಣ ದಿಕ್ಕಿನಿಂದ ಹೊರಟು, ತೆಂಕಣ, ಪಡುವಣ, ಬಡಗಣಗಳನ್ನು ಬಳಸಿ, ಹೊರಟ ಎಡೆಗೇ ಮರಳಿ ಬಂದರೆ ಸೀಮೆಯು ಮುಗಿಯಿತು. ದೇವಸ್ವವಾದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವ ದತ್ತಿಗೆ ವಾಮನಮುದ್ರೆಯ ಕಲ್ಲು, ಜೈನ ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಅಕ್ಷರ ಬಾರದವನೂ ಆ ಮುದ್ರೆಯನ್ನು ನೋಡಿ ಭೂಮಿಯು ಯಾರದೆಂದು ಹೇಳಬಲ್ಲವನಾಗಿದ್ದನು. ಹೊಲಗಳ ವಿಸ್ತಾರವನ್ನು ಹೇಳುವುದಕ್ಕೆ ಮತ್ತರು, ಕಮ್ಮ ಎಂಬ ಪ್ರಮಾಣಗಳೂ, ಅಳೆಯುವುದಕ್ಕೆ ಇಷ್ಟು ಗೇಣಿನದೆಂದು ಗೊತ್ತಾದ ಗಳೆಗಳೂ ಇದ್ದುವು. ಆದರೆ ಗಳೆಯ ಉದ್ದವು ಊರಿಂದೂರಿಗೆ ಬೇರೆಯಾದುದರಿಂದ ಒಂದು ಸೀಮೆಯ ಮತ್ತರನ್ನು ಇನ್ನೊಂದು ಸೀಮೆಯ ಮತ್ತರಿನೊಡನೆ ಹೋಲಿಸುವುದು ದುಸ್ತರ. ಊರೊಳಗಿನ ವ್ಯವಹಾರಕ್ಕೆ ಇದರಿಂದ ಅಡ್ಡಿಯೇನೂ ಇರಲಿಲ್ಲ. ದೇಶಕ್ಕೆಲ್ಲ ಒಂದು ನಕ್ಷೆ ಬೇಕೆಂದವರಿಗೆ ಮಾತ್ರ ಇದು ಕಂಟಕವಾಯಿತು.

ಹಾಗೆ ಬೇಕೆಂದವರು ಬಂದುದು 1799ರ ತರುವಾಯ. ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವಿನ ರಾಜ್ಯವು ಹಂಚಿಹೋದಾಗ, ಕಾಗದದ ಮೇಲೆ ಪಾಲಾದ ಸೀಮೆಗಳು ನೆಲದ ಮೇಲೆ ಎಲ್ಲಿ ಮುಗಿಯುತ್ತವೆಂಬುದು ಪಾಲು ಮಾಡಿದವರಿಗೇ ಗೊತ್ತಿರಲಿಲ್ಲ. ಆಗ ಮೈಸೂರು ಸರ್ವೆಗೆ ನೇಮಕವಾದವನು ಕಾಲಿನ್ ಮೆಕೆಂಝಿ. ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದವನೆಂದು ಸಾಹಿತ್ಯಾಸಕ್ತರು ಅವನನ್ನು ಬಲ್ಲರು; ಆದರೆ ಅವನ ಉದ್ಯೋಗವು ಮೋಜಣಿಯದು. ಎರಡೂ ಕೆಲಸಗಳು ಅವನಲ್ಲಿ ಒಂದಾಗಿ ಸೇರಿದ್ದು ಆಕಸ್ಮಿಕವಲ್ಲ. ಎಲ್ಲೆಯನ್ನು ತೋರಿಸೆಂದು ಊರವರನ್ನು ಕೇಳಿದರೆ ಅವರು ಕಥೆಯನ್ನು ಹೇಳುತ್ತಾರೆ, ಹಳೆಯ ಕಲ್ಲನ್ನು ತೋರಿಸುತ್ತಾರೆ. ಕಲ್ಲಿನ ಮೇಲೆ ಬರೆಹವಿರುತ್ತದೆ. ಆ ಬರೆಹವನ್ನು ಓದುವುದಕ್ಕೆ ಕಾವಲಿ ವೆಂಕಟ ಬೊರಯ್ಯನಂಥ ಪಂಡಿತರು ಬೇಕಾದರು. ಇದೇ ಮೆಕೆಂಝಿಯು 1815ರಲ್ಲಿ ಇಡೀ ಭಾರತಕ್ಕೆ ಮೊದಲನೆಯ ಸರ್ವೇಯರ್ ಜನರಲ್ ಆದನು.

ಅದೇ ಕಾಲದಲ್ಲಿ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬವನು ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ನೇರವಾದ ಒಂದು ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದನು. 1802ರಲ್ಲಿ ಮದರಾಸಿನ ಬಳಿ ಇನ್ನೊಂದನ್ನು ಅಳೆದು, ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕರಾವಳಿಯವರೆಗೆ ಹೋದನು. ಆಗ ತಿಳಿದುಬಂದ ವಿಷಯವೆಂದರೆ, ಅಂದಿನ ನಕ್ಷೆಗಳಲ್ಲಿ ಪರ್ಯಾಯದ್ವೀಪದ ಅಗಲವನ್ನು ಸುಮಾರು 40 ಮೈಲಿ ಹೆಚ್ಚಾಗಿ ತೋರಿಸಿದ್ದರು! ಅವನ ತರುವಾಯ ಕೆಲಸವನ್ನು ವಹಿಸಿಕೊಂಡ ಜಾರ್ಜ್ ಎವರೆಸ್ಟನು ಈ ಅಳತೆಗಳ ಆಧಾರದ ಮೇಲೆ ಭೂಮಿಯ ಆಕಾರವನ್ನು ಗಣಿಸಿ 1830ರಲ್ಲಿ ಒಂದು ಗೋಳಾಭವನ್ನು ಗೊತ್ತುಮಾಡಿದನು. ಭಾರತದ ನಕ್ಷೆಗಳು ಬಹುಕಾಲ ಅದನ್ನೇ ನೆಮ್ಮಿಕೊಂಡಿದ್ದುವು. ಈ ಸಂಗತಿಯು ಮುಂದೆ ಪುನಃ ಬರುವುದು.

ಲ್ಯಾಂಬ್ಟನ್ನನ ತ್ರಿಕೋನಗಳು ಗುಡ್ಡಗಳ ತುದಿಯಲ್ಲಿದ್ದುವು; ರೈತನು ಇದ್ದುದು ತಗ್ಗಿನಲ್ಲಿ. ಅವನ ಹೊಲದ ಬದುವಿಗೆ ಇಳಿದು ಬಂದ ಸರ್ವೆಯು ಬೇರೆಯೇ ಆದುದು. ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ 1836ರ ಸುಮಾರಿಗೆ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬಿಬ್ಬರು ಅಧಿಕಾರಿಗಳು ಆರಂಭಿಸಿ, 1847ರಲ್ಲಿ ಡೇವಿಡ್‌ಸನ್ನನೊಡನೆ ಕೂಡಿ ನಿಯಮಗಳಾಗಿ ಬರೆದಿಟ್ಟ ಪದ್ಧತಿಯಿದು. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ ಮುಂತಾದ ಕನ್ನಡ ಜಿಲ್ಲೆಗಳಲ್ಲಿ ಇದೇ ನಡೆಯಿತು. ಮೈಸೂರು ಸಂಸ್ಥಾನವೂ 1863ರಲ್ಲಿ ಚಿತ್ರದುರ್ಗದ ಕಡೆಯಿಂದ ಇದನ್ನೇ ಕೈಕೊಂಡಿತು. ಸರಪಳಿಯ ಉದ್ದ 33 ಅಡಿ. ಅದಕ್ಕೆ 16 ಆಣೆ. ಸರಪಳಿಯೊಂದು ಉದ್ದ, ಸರಪಳಿಯೊಂದು ಅಗಲವಾದ ನೆಲವು ಒಂದು ಗುಂಟೆ. ಅಂಥ 40 ಗುಂಟೆಗಳಾದರೆ ಎಕರೆ. ರೂಪಾಯಿಗೆ ಹದಿನಾರಾಣೆಯ ಲೆಕ್ಕವನ್ನು ಬಲ್ಲ ಜನರಿಗೆ ಭೂಮಿಯ ಲೆಕ್ಕವೂ ಬಾಯಿಗೆ ಬಂತು. ನಾಣ್ಯದಿಂದ ಆಣೆಯು ಹೋಗಿ ಎಷ್ಟೋ ವರ್ಷಗಳಾದರೂ ಪಹಣಿಯಲ್ಲಿ ಅದು ಉಳಿದುಕೊಂಡಿರುವುದು ಈ ಪದ್ಧತಿಯ ಬಲಕ್ಕೆ ಸಾಕ್ಷಿ.

ಹೊಲದ ಮೂಲೆಗಳಲ್ಲಿ ಬಾಂದುಗಲ್ಲುಗಳನ್ನು ನಡೆಸಿ, ಅಳತೆಯನ್ನು ಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಂಡು, ಎಲ್ಲ ಸರ್ವೆ ನಂಬರುಗಳನ್ನೂ ಕೂಡಿಸಿ ಗ್ರಾಮನಕ್ಷೆಯನ್ನು ಬರೆದರು. ನಕ್ಷೆಯ ಪ್ರಮಾಣವು ಇಂಚಿಗೆ 20 ಸರಪಳಿ, ಎಂದರೆ ಮೈಲಿಗೆ ಎಂಟು ಇಂಚು. ಈ ಪ್ರಮಾಣದಲ್ಲಿ ನಕ್ಷೆಯ ಮೇಲಿನ ಒಂದು ನೆಲದ ಮೇಲಿನ 7920ಕ್ಕೆ ಸಮ. ಲೆಕ್ಕಣಿಕೆಯ ಗೆರೆಯು ಅರ್ಧ ಮಿಲಿಮೀಟರು ದಪ್ಪವಾಗಿದ್ದರೆ ನೆಲದ ಮೇಲೆ ಅದು ನಾಲ್ಕು ಮೀಟರು, ಸುಮಾರು 13 ಅಡಿ! ಎಕರೆಗಟ್ಟಲೆ ಹೊಲಕ್ಕೆ ಕಂದಾಯವನ್ನು ಕಟ್ಟುವುದಕ್ಕೆ ಇದರಿಂದ ಕೊರತೆಯಿಲ್ಲ. ಹಳ್ಳಿಯ ಓಣಿಯಲ್ಲಿ 13 ಅಡಿಯೆಂದರೆ ಒಂದು ಮನೆಯ ಪಡಸಾಲೆಯೇ ಹೋಯಿತು.

ಆದರೆ ಓಣಿಯನ್ನು ಆ ಸರ್ವೆಯವರು ಅಳೆಯಲೇ ಇಲ್ಲ. ಇಲ್ಲಿಯೇ ಈ ಚರಿತ್ರೆಯ ಮುಖ್ಯವಾದ ಗಂಟು ಇರುವುದು. ಅವರ ಉದ್ದೇಶವು ಕಂದಾಯ. ಬೆಳೆ ಬೆಳೆಯುವ ಭೂಮಿಗೆ ಕಂದಾಯವುಂಟು. ಜನರು ಮನೆ ಕಟ್ಟಿಕೊಂಡಿರುವ ಊರ ನಿವೇಶನಕ್ಕೆ ಇಲ್ಲ. ಆದುದರಿಂದ ಮನೆಗಳಿರುವ ಭಾಗವನ್ನೆಲ್ಲ ಸುತ್ತಿ ಒಂದು ಗೆರೆಯನ್ನೆಳೆದು, ಒಳಗೆ ‘ಗ್ರಾಮಠಾಣ’ವೆಂದು ಬರೆದು ಬಿಟ್ಟರು. ಹೊಲದಲ್ಲಿ ಮೊಳ ಮೊಳಕ್ಕೂ ಲೆಕ್ಕವಿದ್ದ ಕಾಲದಲ್ಲಿ ಮನೆಯ ಲೆಕ್ಕವು ಆ ಒಂದು ಪದದೊಳಗೆ ಅಡಗಿಹೋಯಿತು. ನೂರೈವತ್ತು ವರ್ಷಗಳ ಕಾಲ ಹಳ್ಳಿಯವನು ತನ್ನ ಹೊಲಕ್ಕೆ ಪಹಣಿಯನ್ನು ತೋರಿಸಬಲ್ಲವನಾಗಿದ್ದನು. ತಾನು ಹುಟ್ಟಿ ಬೆಳೆದ ಮನೆಗೆ ಸರ್ವೆಯ ನಕ್ಷೆಯನ್ನು ತೋರಿಸಲಾರದವನಾಗಿದ್ದನು. ಪಂಚಾಯಿತಿಯ ತೆರಿಗೆಯ ರಶೀದಿಯೊಂದೇ ಅವನ ಆಧಾರ. ಅಣ್ಣತಮ್ಮಂದಿರು ಬೇರೆಯಾಗುವಾಗ ಹಿತ್ತಲಿನ ಗೋಡೆಯು ಯಾರದೆಂಬ ವ್ಯಾಜ್ಯಗಳು ಹಿರಿಯರ ಬಾಯಿಮಾತಿನ ಮೇಲೆ ತೀರಬೇಕಾಗುತ್ತಿದ್ದುವು. ಹಿರಿಯರು ತೀರಿಕೊಂಡ ಮೇಲೆ ನ್ಯಾಯಾಸ್ಥಾನವನ್ನು ಹತ್ತುತ್ತಿದ್ದುವು.

ಈ ಕೊರತೆಯನ್ನು ತುಂಬುವುದಕ್ಕೆಂದು ಕೇಂದ್ರಸರಕಾರವು 2020ರ ಏಪ್ರಿಲ್ 24ರಂದು ‘ಸ್ವಾಮಿತ್ವ’ ಎಂಬ ಯೋಜನೆಯನ್ನು ಪ್ರಾರಂಭಿಸಿತು. ಅದಕ್ಕೆ ಮುಂಚೆಯೇ ಪುಣೆ ಜಿಲ್ಲೆಯ ಸೋನೋರಿ ಎಂಬ ಹಳ್ಳಿಯಲ್ಲಿ ಡ್ರೋನಿನ ಪ್ರಯೋಗವು ನಡೆದಿತ್ತು. ಇಂದಾಪುರವಿರುವ ಜಿಲ್ಲೆಯೇ ಇದು; ಹೊಲವನ್ನು ಅಳೆದು ಮನೆಯನ್ನು ಬಿಟ್ಟ ಪದ್ಧತಿಯು ಎಲ್ಲಿ ಹುಟ್ಟಿತೋ ಅಲ್ಲಿಯೇ ಮನೆಯ ಅಳತೆಯೂ ಮೊದಲಾಯಿತು. 2020ರ ಅಕ್ಟೋಬರ್ 11ರಂದು ಆರು ರಾಜ್ಯಗಳ 763 ಹಳ್ಳಿಗಳಲ್ಲಿ ಮೊದಲ ಆಸ್ತಿಪತ್ರಗಳು ವಿತರಣೆಯಾದುವು. ಅವುಗಳಲ್ಲಿ ಉತ್ತರಪ್ರದೇಶದ ಹಳ್ಳಿಗಳು 346, ಕರ್ನಾಟಕದವು ಎರಡೇ.

ಕಾರ್ಯಕ್ರಮವು ಹೀಗಿರುತ್ತದೆ. ಎಲ್ಲೆಯನ್ನು ತೋರಿಸುವುದು ಕಂದಾಯ ಇಲಾಖೆ ಮತ್ತು ಗ್ರಾಮಪಂಚಾಯಿತಿಗಳ ಹೊಣೆ. ಡ್ರೋನು ಹಾರಿಸುವುದು ಭಾರತೀಯ ಸರ್ವೇಕ್ಷಣ ಇಲಾಖೆಯ ಹೊಣೆ. ಹಾರಾಟಕ್ಕೆ ಮೊದಲು ಮನೆಯ ಒಡೆಯರು ಮುಂದೆ ನಿಂತು ತಮ್ಮ ತಮ್ಮ ಮೇರೆಯನ್ನು ತೋರಿಸಬೇಕು. ಅದರ ಮೇಲೆ ಸುಣ್ಣದ ಪುಡಿಯಿಂದ ಗೆರೆಯನ್ನು ಎಳೆಯುತ್ತಾರೆ. ಆಕಾಶದಿಂದ ಕಾಣಬೇಕಾದರೆ ನೆಲದ ಮೇಲೆ ಗುರುತು ಬೇಕಷ್ಟೆ. ಮುದ್ರೆಗಲ್ಲಿನ ಸ್ಥಾನಕ್ಕೆ ಸುಣ್ಣವು ಬಂದಿದೆ; ನೆರೆಹೊರೆಯವರ ಎದುರಿನಲ್ಲಿ ನಡೆದು ತೋರಿಸುವ ಪದ್ಧತಿಯು ಮಾತ್ರ ಶಾಸನಕಾಲದ್ದೇ. ಹೀಗೆ ತೆಗೆದ ಚಿತ್ರಗಳಿಂದಾಗುವ ನಕ್ಷೆಯ ಪ್ರಮಾಣವು 500ಕ್ಕೆ ಒಂದು. ಹಳೆಯ ನಕ್ಷೆಯಲ್ಲಿ ನಾಲ್ಕು ಮೀಟರನ್ನು ನುಂಗಿದ ಅದೇ ದಪ್ಪದ ಗೆರೆಯು ಇದರಲ್ಲಿ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚನ್ನು, ಎಂದರೆ 25 ಸೆಂಟಿಮೀಟರನ್ನು ಮಾತ್ರ ಆಕ್ರಮಿಸುವುದು.

ಇನ್ನು ಎಲ್ಲೆಯ ಕಡತ. ಇದು ನಕ್ಷೆಯಲ್ಲ, ಅಂಕೆಗಳ ಸಾಲು. ಹಾರಬೇಕಾದ ಪ್ರದೇಶದ ಸುತ್ತಲೂ ಇರುವ ಮೂಲೆಗಳ ಅಕ್ಷಾಂಶ ರೇಖಾಂಶಗಳನ್ನು ಒಂದರ ಮುಂದೊಂದು ಬರೆದು, ಮೊದಲನೆಯ ಮೂಲೆಯನ್ನೇ ಕಡೆಯಲ್ಲಿ ಮತ್ತೆ ಬರೆದು ಮುಗಿಸುತ್ತಾರೆ. ಹೊರಟ ಎಡೆಗೇ ಬಂದು ಸೇರದ ಸೀಮೆಯನ್ನು ಗಣಕಯಂತ್ರವು ಸೀಮೆಯೆಂದು ಒಪ್ಪದು. ತಾಮ್ರಪಟದ ಬರಹಗಾರನೂ ಒಪ್ಪುತ್ತಿರಲಿಲ್ಲ. ಮೂಲೆಗಳನ್ನು ಕ್ರಮತಪ್ಪಿ ಬರೆದರೆ ಗೆರೆಯು ತನ್ನನ್ನೇ ತಾನು ದಾಟಿ, ಬಿಲ್ಲು ಕಟ್ಟಿದ ರಿಬ್ಬನ್ನಿನಂತಾಗಿ, ಒಳಗಾವುದು ಹೊರಗಾವುದು ಎಂದು ತಿಳಿಯದಾಗುವುದು. ಈ ಕಡತಗಳನ್ನು ಬರೆಯುವುದಕ್ಕೆ ಒಂದೆರಡು ರೂಢವಾದ ವಿಧಾನಗಳಿವೆ. ಅವುಗಳಲ್ಲಿ ಕೆಎಂಎಲ್ ಎಂಬುದು 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ರೇಖಾಂಶವು ಮೊದಲು, ಅಕ್ಷಾಂಶವು ಆಮೇಲೆ. ಮಾತಿನಲ್ಲಿಯೂ ಪಾಠಪುಸ್ತಕಗಳಲ್ಲಿಯೂ ಕ್ರಮವು ತಿರುವುಮುರುವಾಗಿರುವುದರಿಂದ ಅಭ್ಯಾಸಬಲದಿಂದ ತಪ್ಪುವುದು ಸುಲಭ. ಧಾರವಾಡದ ಅಕ್ಷಾಂಶ ಸುಮಾರು 15.46, ರೇಖಾಂಶ 75.01. ಇವೆರಡನ್ನೂ ಅದಲುಬದಲು ಮಾಡಿದರೆ ಧಾರವಾಡವು ನಾರ್ವೆ ದೇಶಕ್ಕೂ ಸ್ವಾಲ್ಬಾರ್ಡ್ ದ್ವೀಪಗಳಿಗೂ ನಡುವಣ ಶೀತಸಮುದ್ರದಲ್ಲಿ ಹೋಗಿ ಬೀಳುವುದು.

ಇಷ್ಟು ದೊಡ್ಡ ತಪ್ಪಿನಿಂದ ಅಪಾಯವಿಲ್ಲ. ನೋಡಿದವರು ನಕ್ಕು ತಿದ್ದುವರು. ಅಪಾಯವಿರುವುದು ಸಣ್ಣ ತಪ್ಪಿನಲ್ಲಿ. ಮೇಲೆ ಹೇಳಿದ ಎವರೆಸ್ಟ್ ಗೋಳಾಭವು ಇಲ್ಲಿ ಪುನಃ ಎದುರಾಗುತ್ತದೆ. ಇಂದಿನ ಉಪಗ್ರಹಗಳು ನೆಮ್ಮಿರುವ ಗೋಳಾಭವೇ ಬೇರೆ. ಅದರ ಭೂಮಧ್ಯರೇಖೆಯ ತ್ರಿಜ್ಯವು ಎವರೆಸ್ಟನದಕ್ಕಿಂತ ಸುಮಾರು 860 ಮೀಟರು ಹೆಚ್ಚು, ಕೇಂದ್ರವೂ ಬೇರೆ ಎಡೆಯಲ್ಲಿದೆ. ಹಳೆಯ ನಕ್ಷೆಯಿಂದ ಓದಿದ ಅಂಕೆಗಳನ್ನು ಪರಿವರ್ತನೆಯಿಲ್ಲದೆ ಹೊಸ ಕಡತಕ್ಕೆ ಬರೆದರೆ ಊರಿನ ಎಲ್ಲೆಯು ನೂರು ಮೀಟರುಗಳಷ್ಟು ಪಕ್ಕಕ್ಕೆ ಸರಿಯುತ್ತದೆ. ಆಕಾರವು ಸರಿ, ವಿಸ್ತಾರವು ಸರಿ, ಹೆಸರೂ ಸರಿ. ಆದರೆ ಒಂದು ಬದಿಯ ಕೇರಿಯು ಹೊರಗುಳಿದು, ಎದುರು ಬದಿಯಲ್ಲಿ ಅಷ್ಟೇ ಅಗಲದ ಜೋಳದ ಹೊಲವು ಒಳಸೇರಿರುವುದು. ಕಡತದೊಡನೆ ಅದು ಯಾವ ಗೋಳಾಭದ ಲೆಕ್ಕವೆಂದು ಹೇಳುವ ಒಂದು ಪುಟ್ಟ ಓಲೆಯು ಇರಬೇಕು. ಕೈಯಿಂದ ಕೈಗೆ ಸಾಗುವಾಗ ಕಳೆದುಹೋಗುವುದು ಹೆಚ್ಚಾಗಿ ಅದೇ.

ಮೀಟರಿನ ಲೆಕ್ಕದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕುಂಟು. ಭೂಮಿಯನ್ನು ಆರಾರು ಅಂಶಗಳ ಪಟ್ಟಿಗಳನ್ನಾಗಿ ಹಂಚಿ ಪ್ರತಿಪಟ್ಟಿಗೂ ಬೇರೆ ಲೆಕ್ಕವನ್ನಿಟ್ಟಿದ್ದಾರೆ. ಕರ್ನಾಟಕದ ಬಹುಭಾಗವು 43ನೆಯ ಪಟ್ಟಿಯಲ್ಲಿದೆ. ಆದರೆ 78ನೆಯ ರೇಖಾಂಶವು ಹೊಸಕೋಟೆಗೂ ಕೋಲಾರಕ್ಕೂ ನಡುವೆ ಹಾದುಹೋಗುವುದರಿಂದ ಕೋಲಾರವು 44ಕ್ಕೆ ಸೇರುತ್ತದೆ. ಬೆಂಗಳೂರಿನ ಅಭ್ಯಾಸದಲ್ಲಿಯೇ ಕೋಲಾರದ ಊರಿಗೆ ಕಡತವನ್ನು ಬರೆದರೆ ಆಗುವ ಅನರ್ಥವನ್ನು ವಿಸ್ತರಿಸಬೇಕಾಗಿಲ್ಲ.

ಇವೆಲ್ಲವೂ ಸರಿಯಾದ ಮೇಲೆಯೂ ಎಲ್ಲೆಯ ಗೆರೆಯ ಮೇಲೆಯೇ ಹಾರಾಟವನ್ನು ನಿಲ್ಲಿಸಬಾರದು. ಡ್ರೋನು ನೇಗಿಲ ಸಾಲಿನಂತೆ ಅತ್ತಿಂದಿತ್ತ ಹಾರಿ, ಒಂದು ಚಿತ್ರದ ಬಹುಭಾಗವು ಮುಂದಿನ ಚಿತ್ರದಲ್ಲಿಯೂ ಬರುವಂತೆ ತೆಗೆಯುತ್ತದೆ. ಒಂದೇ ವಸ್ತುವು ಅನೇಕ ಚಿತ್ರಗಳಲ್ಲಿ ಬಂದರೆ ಮಾತ್ರ ಅದರ ಸ್ಥಾನವು ನಿಷ್ಕರ್ಷೆಯಾಗುವುದು. ಗಡಿಯ ಮನೆಗಳು ಸಾಕಷ್ಟು ಚಿತ್ರಗಳಲ್ಲಿ ಬರಬೇಕಾದರೆ ಕಡತದ ರೇಖೆಯನ್ನು ಊರಿನಾಚೆಗೆ ಸ್ವಲ್ಪ ವಿಸ್ತರಿಸಿಕೊಳ್ಳಬೇಕು. ಹಾಗೆ ವಿಸ್ತರಿಸುವಾಗ ಆಕಾಶದ ಎಲ್ಲೆಯನ್ನೂ ನೋಡತಕ್ಕದ್ದು. 2021ರ ಡ್ರೋನು ನಿಯಮಗಳ ಪ್ರಕಾರ ಆಕಾಶಕ್ಕೂ ಹಸುರು, ಹಳದಿ, ಕೆಂಪು ಎಂಬ ಸೀಮೆಗಳಾಗಿವೆ. ಹಸುರಿನಲ್ಲಿ 400 ಅಡಿಯವರೆಗೆ ಅಪ್ಪಣೆಯಿಲ್ಲದೆ ಹಾರಬಹುದು; ವಿಮಾನನಿಲ್ದಾಣದ ಸುತ್ತಣ ಹಳದಿ ಸೀಮೆಯನ್ನು 45 ಕಿಲೋಮೀಟರಿನಿಂದ 12ಕ್ಕೆ ಇಳಿಸಿದರು. ಗಾಳಿಗೂ ಚಕ್ಕುಬಂದಿ ಬಂದ ಕಾಲವಿದು.

ಯಂತ್ರವು ಮಾಡಲಾರದುದೂ ಒಂದುಂಟು. ಮೇಲಿನಿಂದ ಅದಕ್ಕೆ ಕಾಣುವುದು ಸೂರು, ಗೋಡೆಯಲ್ಲ. ಮಲೆನಾಡಿನ ಹಂಚಿನ ಮನೆಗಳಲ್ಲಿ ಮಳೆಯ ರಭಸವನ್ನು ತಡೆಯುವುದಕ್ಕಾಗಿ ಸೂರನ್ನು ಗೋಡೆಗಿಂತ ಎರಡು ಮೂರು ಅಡಿ ಹೊರಚಾಚಿರುತ್ತಾರೆ. ಚಿತ್ರದಲ್ಲಿ ಎರಡು ಮನೆಗಳ ಸೂರುಗಳು ಕೂಡಿಕೊಂಡು ನಡುವಣ ಸಂದಿಯು ಮಾಯವಾಗಬಹುದು. ಸೂರಿನ ನೀರು ಯಾರ ಅಂಗಳದಲ್ಲಿ ಬೀಳಬೇಕೆಂಬ ಜಗಳವನ್ನು ಕಂಡವರಿಗೆ ಆ ಸಂದಿಯ ಬೆಲೆಯು ತಿಳಿದಿದೆ. ಆದುದರಿಂದಲೇ ಚಿತ್ರದಿಂದ ಬರೆದ ಕರಡುನಕ್ಷೆಯನ್ನು ಹಿಡಿದುಕೊಂಡು ಮರಳಿ ಓಣಿಗೆ ಬಂದು, ಮನೆಯವರ ಸಮಕ್ಷಮದಲ್ಲಿ ತಾಳೆ ನೋಡಿ, ಆಕ್ಷೇಪಣೆಗಳನ್ನು ಕೇಳಿ, ಅನಂತರವೇ ಪತ್ರವನ್ನು ಕೊಡಬೇಕೆಂಬ ನಿಯಮವಿದೆ. ಅವಸರದಲ್ಲಿ ಈ ಹೆಜ್ಜೆಯನ್ನು ಹಗುರ ಮಾಡುವ ಪ್ರವೃತ್ತಿಯು ಖಂಡನೀಯವಾದುದು. ಏಕೆಂದರೆ ನಕ್ಷೆಯು ಸುಂದರವಾಗಿದ್ದಷ್ಟೂ ಅದರಲ್ಲಿಯ ತಪ್ಪನ್ನು ಜನರು ನಂಬುವುದು ಹೆಚ್ಚು.

ಆಕ್ಷೇಪಣೆಯನ್ನು ಹೇಳುವುದಕ್ಕಾದರೂ ಮನೆಯು ಕರಡಿನಲ್ಲಿ ಇರಬೇಕಲ್ಲವೆ? ಲಂಬಾಣಿಗರ ತಾಂಡಾ, ಗೊಲ್ಲರ ಹಟ್ಟಿ, ಕಾಡಂಚಿನ ಹಾಡಿ ಮುಂತಾದುವು ಬಹುಮಟ್ಟಿಗೆ ಹಳೆಯ ಗ್ರಾಮಠಾಣದ ಗೆರೆಯಿಂದ ಆಚೆಗೆ, ಮೈಲಿ ಎರಡು ಮೈಲಿಯ ದೂರದಲ್ಲಿ ಬೆಳೆದ ವಸತಿಗಳು. ಸರಪಳಿಯ ಕಾಲದಲ್ಲಿ ಆ ನೆಲವು ಯಾರದೋ ಹೊಲವಾಗಿ, ಇಲ್ಲವೆ ಸರಕಾರದ ಖರಾಬಾಗಿ ಬರೆಯಲ್ಪಟ್ಟಿತು. ಇಂದು ಎಲ್ಲೆಯ ಕಡತವನ್ನು ಸಿದ್ಧಪಡಿಸುವವನು ಕುಳಿತಲ್ಲಿಯೇ ಹಳೆಯ ಗ್ರಾಮನಕ್ಷೆಯ ಗೆರೆಯನ್ನು ತಿದ್ದಿಕೊಂಡು ಹೋದರೆ, ನೂರಾರು ಮನೆಗಳ ತಾಂಡಾವೊಂದು ಪುನಃ ಹೊರಗೆ ಉಳಿಯುವುದು. ಡ್ರೋನು ಆ ಕಡೆಗೆ ತಿರುಗಿಯೂ ನೋಡದು. ಅದರ ದೋಷವೂ ಅಲ್ಲ.

ಕರ್ನಾಟಕ ಸರಕಾರವು ಭೂಸುಧಾರಣೆಯ ಕಾನೂನನ್ನು ತಿದ್ದಿ, ಇಂಥ ದಾಖಲೆಯಿಲ್ಲದ ವಸತಿಗಳಲ್ಲಿ ವಾಸಿಸುವವನೇ ಮನೆಯ ಒಡೆಯನೆಂಬ ತತ್ತ್ವವನ್ನು ಅಂಗೀಕರಿಸಿ, ಅವುಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವುದಕ್ಕೆ ತೊಡಗಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಎಂಬ ಐದು ಜಿಲ್ಲೆಗಳಲ್ಲಿ ಸುಮಾರು 1475 ವಸತಿಗಳು ಹೀಗೆ ಹೊಸ ಗ್ರಾಮಗಳೆಂದು ಘೋಷಿತವಾದುವು. 2023ರ ಜನವರಿ 19ರಂದು ಅಲ್ಲಿಯ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರಗಳ ವಿತರಣೆಯಾಯಿತು. ಆ ಸಮಾರಂಭವು ನಡೆದುದು ಸೇಡಂ ತಾಲೂಕಿನ ಮಳಖೇಡದಲ್ಲಿ. ಹಿಂದಣ ಮಾನ್ಯಖೇಟವೇ ಇಂದಿನ ಮಳಖೇಡ.